ಮಣ್ಣು ಮುಟ್ಟದ ಬದನೆ

ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಉಳಿದವರೆಲ್ಲ ವೈದ್ಯರಾಗುತ್ತಾರೆ ಎಂಬ ಮಾತಿದೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ನಾನು ರೈತನಾದೆ. ಅದೂ ಎಂಥ ರೈತ? ಅಂಗೈಯಗಲ ಮಣ್ಣಿಲ್ಲದ ರೈತ. ಕುರಿ ಕಾಯುವ ವಂಶದಲ್ಲಿ ಹುಟ್ಟಿ, ಹೇಗೋ ಬಿ.ಎಸ್ಸಿ. ಮುಗಿಸಿ, ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನನಗೆ ಬೇಸಾಯವೂ ಅರ್ಧ ಬರುತ್ತಿತ್ತು, ವಿಜ್ಞಾನವೂ ಅರ್ಧ ಬರುತ್ತಿತ್ತು. ಏನೂ ಬಾರದವನಿಂದ ಅಪಾಯವಿಲ್ಲ, ಅವನು ತೆಪ್ಪಗಿರುತ್ತಾನೆ. ಪೂರ್ತಿ ಬಂದವನಿಂದಲೂ ಅಪಾಯವಿಲ್ಲ, ಅವನಿಗೆ ಪುರಸೊತ್ತಿರುವುದಿಲ್ಲ. ಅರ್ಧ ಬಂದವನಿಗೆ ಮಾತ್ರ ಭಾನುವಾರ ರಜೆ ಇರುತ್ತದೆ.

ಕಾಯಿಲೆ ಬಿದ್ದವರು ನಮ್ಮ ಅಪ್ಪ. ಎಪ್ಪತ್ತರ ದಶಕದ ನಡುಭಾಗದ ಮಾತು. ಮಾಡದಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಕುರಿ ಹಿಂಡು, ಎರಡು ಹೊಲ ನೋಡಿಕೊಂಡು ಗಟ್ಟಿಯಾಗಿಯೇ ಇದ್ದರು. ಅವ್ವ ಹೋದ ಮೇಲೂ ಅಲ್ಲಾಡಿರಲಿಲ್ಲ. ಆದರೆ ದಮ್ಮು ಹತ್ತಿಕೊಂಡಿತು. ಒಂದು ಮಾತಾಡಿ ಇನ್ನೊಂದು ಮಾತಾಡುವುದರೊಳಗೆ ಎದೆಯಲ್ಲಿ ಬೆಕ್ಕು ಕೂತು ಗುರುಗುಟ್ಟಿದ ಹಾಗೆ ಸದ್ದು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಡಾಕ್ಟರು ಎದೆ, ಬೆನ್ನು ಎಲ್ಲ ಕೇಳಿ, ಕಿವಿಯಿಂದ ಕೊಳವೆ ತೆಗೆದು ಹೇಳಿದರು: "ಮಣ್ಣಿನ ಧೂಳು, ಹೊಟ್ಟಿನ ಧೂಳು, ಉಣ್ಣೆ ಧೂಳು, ಇವು ಮೂರೂ ಇವರ ಮೂಗಿನ ಹತ್ತಿರ ಸುಳೀಬಾರದು. ಊರಿಗೆ ಕಳಿಸಿದ್ರೆ ಮುಂದಿನ ಮಾಗಿ ಕಳೆಯೋದು ಕಷ್ಟ." ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೇಳಿದರು: "ಮಣ್ಣು, ಹೊಟ್ಟು, ಉಣ್ಣೆ ಬಿಟ್ರೆ ನಂತಾವ ಉಳಿಯಾದೇನು ಸ್ವಾಮಿ?" ಡಾಕ್ಟರು ನಕ್ಕು, "ಉಸಿರು ಉಳೀತದೆ ಯಜಮಾನ್ರೆ" ಎಂದರು. ಅಪ್ಪ ನಗಲಿಲ್ಲ. ಅದೊಂದನ್ನೇ ಇಟ್ಟುಕೊಂಡು ಏನು ಮಾಡುವುದು ಎಂಬಂತೆ ನನ್ನ ಮುಖ ನೋಡಿದರು.

ಹಾಗೆ ಅಪ್ಪ ಹೊಳಲ್ಕೆರೆಯ ನಮ್ಮ ಬಾಡಿಗೆ ಮನೆಗೆ ಬಂದರು. ಮನೆ ಡಾಕ್ಟರು ಹೇಳಿ ಕಟ್ಟಿಸಿದಂತಿತ್ತು. ಒಳಗೆ ಸಿಮೆಂಟು, ಹೊರಗೆ ಸಿಮೆಂಟು, ಹಿತ್ತಿಲಿಗೆ ಪೂರ್ತಿ ಚಪ್ಪಡಿ ಕಲ್ಲು. ಉಗುರಿನ ಸಂದಿಗೆ ಹಿಡಿಯುವಷ್ಟು ಮಣ್ಣು ಬೇಕೆಂದರೂ ಬೀದಿಗೆ ಹೋಗಬೇಕು. ಮೊದಲ ದಿನವೇ ಅಪ್ಪನ ಕರಿಕಂಬಳಿ ಕಿತ್ತುಕೊಂಡು ಟ್ರಂಕಿಗೆ ಹಾಕಿ ಬೀಗ ಜಡಿದೆ. ಅದರ ಬದಲು ಒಂದು ಬಿಳಿ ದುಪ್ಪಟಿ ಕೊಟ್ಟೆ. ಹುಟ್ಟಿದಾಗಿನಿಂದ ಕಂಬಳಿಯ ಮೇಲೆ ಮಲಗಿ, ಕಂಬಳಿ ಹೊದ್ದು, ಮಳೆಗೆ ಕಂಬಳಿಯನ್ನೇ ಕೊಪ್ಪೆ ಮಾಡಿಕೊಂಡ ಮನುಷ್ಯ ಅವರು. ದುಪ್ಪಟಿಯನ್ನು ಹೊದ್ದು ಒಂದು ಸಲ ತಮ್ಮನ್ನೇ ನೋಡಿಕೊಂಡು, "ಇದ್ನ ಹೊದ್ಕಂಡ್ರೆ ಹೊತ್ಕಂಡು ಹೋಗಾಕೆ ನಾಕು ಜನ ಬರೋದೊಂದು ಬಾಕಿ" ಎಂದರು. ವಾರಕ್ಕೊಮ್ಮೆಯಾದರೂ ಕೈಚೀಲ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ನಡಿಯಲೇ, ಹೊಸದುರ್ಗದ ಬಸ್ಸು ಹತ್ಸು. ಇಲ್ಲಿ ಕುಂತ್ಕಂಡು ಕುಂತ್ಕಂಡು ತಿಗ ಸವೀತು." ನಾನು ಚೀಲ ಕಿತ್ತುಕೊಂಡು ಒಳಗಿಡುತ್ತಿದ್ದೆ. ಎಷ್ಟು ದಿನ ಕಿತ್ತುಕೊಳ್ಳಲು ಸಾಧ್ಯ? ಒಂದು ದಿನ ನಾನು ಶಾಲೆಗೆ ಹೋದಾಗ ಬಸ್ಸು ಹತ್ತಿದರೆ, ಅವರು ಹತ್ತಿದ್ದು ಊರಿನ ಬಸ್ಸಲ್ಲ, ಇನ್ನೂ ದೂರ ಹೋಗುವ ಬಸ್ಸು ಎಂದು ನನಗೆ ಗೊತ್ತಿತ್ತು. ಹೇಗಾದರೂ ಮಾಡಿ ಈ ಕಲ್ಲು ಹಾಸಿನ ಮನೆಯಲ್ಲಿ ಅಪ್ಪನ ಮನಸ್ಸು ನಿಲ್ಲುವಂತೆ ಮಾಡಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಆಗ ನೆನಪಾಯಿತು, ಬೇಸಿಗೆಯ ಮೇಷ್ಟ್ರ ತರಬೇತಿ. ಈ ತರಬೇತಿಗಳ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ನಿದ್ದೆ, ನಡುವೆ ಯಾರೋ ಬಂದು ಏನೋ ಹೇಳಿ ಹೋಗುತ್ತಾರೆ. ಅಂಥ ಒಬ್ಬರು, ಮಣ್ಣೇ ಇಲ್ಲದೆ ಬರೀ ನೀರಿನಲ್ಲಿ ಗಿಡ ಬೆಳೆಸಬಹುದು, ಗಿಡಕ್ಕೆ ಬೇಕಾದ ಲವಣಗಳನ್ನು ನೀರಿಗೆ ಕರಗಿಸಿ, ಬೇರನ್ನು ಅದರಲ್ಲಿ ಇಳಿಬಿಟ್ಟರೆ ಸಾಕು ಎಂದು ಚಿತ್ರ ಬರೆದು ತೋರಿಸಿದ್ದರು. ಉಳಿದವರೆಲ್ಲ ನಿದ್ದೆಯಲ್ಲಿದ್ದರು. ನಾನು ಅರ್ಧ ನಿದ್ದೆಯಲ್ಲಿದ್ದೆ. ಹಾಗಾಗಿ ಅರ್ಧ ತಲೆಗೆ ಹೋಗಿತ್ತು. ಮಣ್ಣಿಲ್ಲ ಎಂದರೆ ಧೂಳಿಲ್ಲ. ಧೂಳಿಲ್ಲದ ಬೇಸಾಯ! ದೇವರು ನಮ್ಮಪ್ಪನಿಗೆಂದೇ ಮಾಡಿಸಿದ ವಿದ್ಯೆ ಎನಿಸಿ ಆ ಭಾನುವಾರವೇ ಶುರುಹಚ್ಚಿಕೊಂಡೆ.

ಹಿತ್ತಿಲಲ್ಲಿ ಮನೆಯ ಮಾಲೀಕರ ಹಸುಗಳ ಕಾಲದ ಒಂದು ಕಲ್ಲುಬಾನಿ ಬಿದ್ದಿತ್ತು. ಅದನ್ನು ತಿಕ್ಕಿ ತೊಳೆದೆ. ಟೀ ಪೆಟ್ಟಿಗೆಯ ಹಲಗೆಗೆ ತೂತು ಕೊರೆದು ಮುಚ್ಚಳ ಮಾಡಿದೆ. ತೂತಿನಲ್ಲಿ ತೆಂಗಿನ ನಾರು ಸಿಕ್ಕಿಸಿ ಅದರಲ್ಲಿ ಸಸಿ ನಿಲ್ಲಿಸುವುದು, ಬೇರು ಕೆಳಗೆ ನೀರಿನಲ್ಲಿ. ಗೊಬ್ಬರದ ಅಂಗಡಿಯಿಂದ ಪೊಟ್ಯಾಷು, ಅಮೋನಿಯಾ ತಂದೆ. ಇನ್ನೆರಡು ಲವಣಕ್ಕೆ ಔಷಧಿ ಅಂಗಡಿಗೆ ಹೋಗಬೇಕಾಯಿತು. ಒಂದು ಕಬ್ಬಿಣದ ಅಂಶದ ಅನ್ನಭೇದಿ, ಇನ್ನೊಂದು ಹೊಟ್ಟೆ ಕಟ್ಟಿದವರು ಕುಡಿಯುವ ಭೇದಿ ಉಪ್ಪು. ಅರ್ಧ ಸೇರು ಭೇದಿ ಉಪ್ಪು ಕೇಳಿದ ನನ್ನನ್ನು ಅಂಗಡಿಯವನು ಕನ್ನಡಕದ ಮೇಲಿಂದ ನೋಡಿ, "ಎಷ್ಟು ದಿನದಿಂದ ಮೇಷ್ಟ್ರೇ?" ಎಂದು ಮೆಲ್ಲಗೆ ವಿಚಾರಿಸಿದ. ಮಾರನೆಯ ದಿನ ನಮ್ಮ ಹೆಡ್‌ಮಾಸ್ತರರು ನನ್ನನ್ನು ಕರೆದು, ರಾತ್ರಿ ಮಲಗುವಾಗ ಬಾಳೆಹಣ್ಣು ತಿನ್ನಲು ಸಲಹೆ ಕೊಟ್ಟರು. ಬಾನಿಗೆ ನೀರು ತುಂಬುವ ಕೆಲಸ ನನ್ನ ಹೆಂಡತಿ ರತ್ನಳದು. ಬೀದಿ ನಲ್ಲಿಯಲ್ಲಿ ಕೊಡಕ್ಕೊಂದು ಜಗಳವಾಡಿ ನೀರು ತರುವವಳು ಅವಳು. "ಮನೆ ಮಂದಿಗೆ ಮುಖ ತೊಳಿಯಾಕೆ ನೀರಿಲ್ಲ. ಗಿಡಕ್ಕೆ ಮುಳುಗಿ ಏಳೋ ಭಾಗ್ಯ" ಎಂದಳು. ಆದರೂ ತುಂಬಿದಳು. ಅಪ್ಪನ ಕೈಚೀಲ ಬಾಗಿಲಿಗೆ ಬಂದಾಗಲೆಲ್ಲ ಅದನ್ನು ಒಳಗಿಡಲು ಅವಳೂ ಓಡಿ ಬರುತ್ತಿದ್ದಳು.

ಯಾವ ಸಸಿ ಹಾಕೋಣ ಎಂದು ಅಪ್ಪನನ್ನೇ ಕೇಳಿದೆ. ಕೆಲಸದಲ್ಲಿ ಅವರನ್ನು ಸಿಕ್ಕಿಸಿಕೊಳ್ಳುವುದೇ ನನ್ನ ಉಪಾಯ. ಅವರು ಬಾನಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಬದನೆ ಹಾಕು. ಎಂಥಾ ದಡ್ಡನ ಕೈಯಾಗೂ ಬದನೆ ಬದುಕ್ತೈತೆ" ಎಂದರು. ಸಸಿ ನಿಲ್ಲಿಸಿದ್ದಾಯಿತು. ಅಪ್ಪ ಹಲಗೆ ಎತ್ತಿ ಕೆಳಗೆ ತೇಲುತ್ತಿದ್ದ ಬೇರು ನೋಡಿದರು. "ಅಲ್ವೋ, ಹಿಡ್ಕಳಾಕೆ ಏನೂ ಇಲ್ಲ ಅಂದ್ರೆ ಇದು ಯಾವ ಧೈರ್ಯದ ಮ್ಯಾಲೆ ನಿಂತೀತು?" ನಾನು ಪಾಠ ಮಾಡಿದೆ. ಮಣ್ಣು ಬರೀ ಆಧಾರ, ಊಟ ಇರುವುದು ಲವಣದಲ್ಲಿ, ಇತ್ಯಾದಿ. ಅಪ್ಪ ಕೇಳಿಸಿಕೊಂಡು, "ಹೂಂ, ನನಗೂ ನೀನು ಹಿಂಗೇ ಹೇಳಿ ಇಲ್ಲಿ ನಿಲ್ಸಿದ್ದೀಯ" ಎಂದು ಎದ್ದು ಹೋದರು.

ಒಂದು ವಾರಕ್ಕೆ ಸಸಿಗಳ ಎಲೆ ಜೋತವು. ಬೇರು ಕಂದಾಗಿ ಲೋಳೆ ಬಂತು. ತರಬೇತಿಯಲ್ಲಿ ನಾನು ನಿದ್ದೆ ಮಾಡಿದ ಅರ್ಧಭಾಗದಲ್ಲಿ ಅವರು ಹೇಳಿದ್ದೇನು ಎಂಬುದು ಪುಸ್ತಕ ತಿರುವಿದಾಗ ಗೊತ್ತಾಯಿತು: ಬೇರಿಗೂ ಉಸಿರಾಟವಿದೆ, ನಿಂತ ನೀರಿನಲ್ಲಿ ಉಸಿರು ಕಟ್ಟುತ್ತದೆ, ನೀರಿನೊಳಕ್ಕೆ ಸದಾ ಗಾಳಿ ಬಿಡುತ್ತಿರಬೇಕು. ಗಾಳಿ ಬಿಡುವ ಪಂಪು ನಮ್ಮೂರಲ್ಲಿ ಸಿಗುವಂಥದ್ದಲ್ಲ. ಸಿಕ್ಕರೂ ಕರೆಂಟು ನಮ್ಮ ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ ಬಾಷಾ ಸಾಬರ ಮುಂದೆ ಕಷ್ಟ ಹೇಳಿಕೊಂಡೆ. ಅವರು ತೇಪೆ ಹಾಕಿದ ಒಂದು ಲಾರಿ ಟ್ಯೂಬಿಗೆ ಗಾಳಿ ತುಂಬಿ, ಅದರ ಬಾಯಿಗೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವಂಥ ಸಣ್ಣ ರಬ್ಬರ್ ನಳಿಕೆ ಸಿಕ್ಕಿಸಿ, ನಳಿಕೆಯನ್ನು ಕ್ಲಿಪ್ಪಿನಿಂದ ಬಿಗಿ ಹಿಡಿದು ತೋರಿಸಿದರು. ಗಾಳಿ ಸಣ್ಣಗೆ ಗುಳುಗುಳು ಎಂದು ಬಕೆಟ್ಟಿನ ನೀರಿಗೆ ಬಿತ್ತು. "ತಗಂಡು ಹೋಗ್ರಿ ಮೇಷ್ಟ್ರೇ. ದಿನಾ ಸಂಜೆ ತಗಂಡು ಬರ್ರಿ, ತುಂಬಿ ಕೊಡ್ತೀನಿ. ಗಾಳಿ ಅಲ್ಲಾ ಕೊಟ್ಟಿದ್ದು, ನಮ್ದೇನೈತೆ ತಕಲೀಫು?"

ಅಂದಿನಿಂದ ದಿನವೂ ಸಂಜೆ ಹೊಳಲ್ಕೆರೆಯ ಪೇಟೆ ಬೀದಿಯಲ್ಲಿ, ಹೈಸ್ಕೂಲು ವಿಜ್ಞಾನದ ಮೇಷ್ಟರು ಊದಿದ ಲಾರಿ ಟ್ಯೂಬನ್ನು ಹೆಗಲಿಗೆ ಏರಿಸಿಕೊಂಡು ಹೋಗುವ ಮೆರವಣಿಗೆ. "ಏನ್ ಮೇಷ್ಟ್ರೇ, ಈಜಾಕೆ ಹೊಂಟ್ರಾ? ಯಾವ ಕೆರೆಯಾಗೆ ನೀರೈತೆ, ನಮಗೂ ಒಂದೀಟು ಹೇಳ್ರಿ" ಎಂದು ಕಟ್ಟೆಯ ಮೇಲೆ ಕುಂತವರು ಕೇಳುತ್ತಿದ್ದರು. ತರಗತಿಯಲ್ಲಿ ಯಾರೋ ಕಪ್ಪು ಹಲಗೆಯ ಮೇಲೆ ದೊಡ್ಡದೊಂದು ಸೊನ್ನೆ ಬರೆದು ಅದರ ಕೆಳಗೆ ಎರಡು ಕಾಲು ಇಟ್ಟಿದ್ದರು. ಚಿತ್ರ ಚೆನ್ನಾಗಿತ್ತು. ಒರೆಸಲು ಮನಸ್ಸಾಗಲಿಲ್ಲ.

ಆದರೆ ಗುಳ್ಳೆಯ ಸದ್ದು ಕೇಳಿ ಅಪ್ಪ ಹಿತ್ತಿಲಿಗೆ ಬಂದರು. ಬಾನಿಯ ಪಕ್ಕ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಕೇಳಿದರು. "ಇದಕ್ಕೂ ನನ್ನಂಗೇ ದಮ್ಮು ಅನ್ನು" ಎಂದರು. ಅವರ ದನಿಯಲ್ಲಿ, ಹಳ್ಳಿಯಲ್ಲಿ ಕುಂಟುವ ಮರಿಯನ್ನು ಕಂಡಾಗ ಬರುತ್ತಿದ್ದ ಮೆತ್ತಗಿನ ಧಾಟಿ ಬಂದಿತ್ತು. ಹೊಸ ಸಸಿ ಹಾಕಿದೆವು. ಈ ಸಲ ಬೇರು ಬೆಳ್ಳಗೆ ಗಡ್ಡದ ಹಾಗೆ ಇಳಿಯಿತು. ಅಪ್ಪ ಬೆಳಗಾದರೆ ಅಲ್ಲಿ ಹಾಜರು. ಗಿಡಗಳಿಗೆ ಕುರಿಗಳ ಹೆಸರಿಟ್ಟರು. ಮುಂದೆ ಬೆಳೆಯುವುದು ಕೆಂದಿ, ಪಕ್ಕದ್ದನ್ನು ನೂಕುವುದು ಹಾದರಗಿತ್ತಿ, ಮೂಲೆಯ ಸೊರಗಿದ್ದು ಬಡಕಿ. ಕೈಚೀಲ ಗೂಟಕ್ಕೆ ನೇತುಬಿದ್ದು ಅದರ ಮೇಲೆ ಜೇಡ ಬಲೆ ಕಟ್ಟಿತು. ಆ ಬಲೆ ತೆಗೆಯಬೇಡ ಎಂದು ರತ್ನಳಿಗೆ ನಾನೇ ಹೇಳಿದ್ದೆ.

ಕಷ್ಟವೆಂದರೆ ಟ್ಯೂಬಿನ ಗಾಳಿ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು. ನಾನು ಶಾಲೆಯಿಂದ ಬರುವುದು ಸಂಜೆ. ಒಂದು ದಿನ ರತ್ನ ಹಿತ್ತಿಲಿಗೆ ಹೋಗಿ ನೋಡುತ್ತಾಳೆ, ಅಪ್ಪ ನಳಿಕೆಯನ್ನು ಟ್ಯೂಬಿನಿಂದ ಕಿತ್ತು ತಮ್ಮ ಬಾಯಿಗಿಟ್ಟುಕೊಂಡು ಊದುತ್ತಿದ್ದಾರೆ! ತಮಗೇ ಸಾಲದ ಉಸಿರನ್ನು ಬದನೆ ಗಿಡಕ್ಕೆ ಹಂಚುತ್ತಿದ್ದಾರೆ. "ಮಾವಾ, ಬಿಡ್ರಿ ಅದನ್ನ!" ಎಂದು ಅವಳು ಕೂಗಿಕೊಂಡದ್ದು ಮೂರು ಮನೆಗೆ ಕೇಳಿತು. ಸಂಜೆ ನಾನು ಬಯ್ದೆ. "ಲೇ, ಕೆಂದಿ ಬಾಯಿ ಬಾಯಿ ಬಿಡ್ತಿತ್ತು. ನೋಡ್ಕಂತ ಕುಂತಿರಾಕಾಗ್ತೈತಾ?" ಎಂದು ಅವರೇ ನನ್ನ ಮೇಲೆ ತಿರುಗಿದರು. ಗಾಬರಿಯಾಗಿ ಮತ್ತೆ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎಲ್ಲವನ್ನೂ ಕೇಳಿ, ಎದೆಗೆ ಕೊಳವೆ ಇಟ್ಟು, ಅಪ್ಪನಿಗೆ ಬಯ್ಯುತ್ತಾರೆ ಎಂಬ ನನ್ನ ನಿರೀಕ್ಷೆಗೆ ಮಣ್ಣು ಹಾಕಿದರು. "ಒಳ್ಳೇದೇ ಕಣ್ರೀ. ನೀರಿನಲ್ಲಿ ಮೆಲ್ಲಗೆ ಊದೋದು ಎದೆಗೆ ವ್ಯಾಯಾಮ. ಸುಸ್ತಾದರೆ ನಿಲ್ಲಿಸಲಿ." ಅಪ್ಪ ಬಸ್ಸಿನಲ್ಲಿ ಪೂರ್ತಿ ದಾರಿ ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು. ಆ ಡಾಕ್ಟರು ಅವರಿಗೆ ಬೇಡ ಅನ್ನದೆ ಬಿಟ್ಟದ್ದು ಅದೊಂದನ್ನೇ.

ಅಲ್ಲಿಂದ ಮುಂದೆ ನಮ್ಮ ಮನೆಯ ಕಾಲಮಾನ ಹೀಗೆ: ಬೆಳಿಗ್ಗೆ ಟ್ಯೂಬು, ಮಧ್ಯಾಹ್ನದ ಮೇಲೆ ಅಪ್ಪ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಹಿತ್ತಿಲ ಸದ್ದು ಕಿವಿಗೆ ಬೀಳುತ್ತಿತ್ತು. ಗುಳು ಗುಳು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಒಂದು ಕೆಮ್ಮು, ಮತ್ತೆ ಗುಳು. ಆ ನಡುವಿನ ಮೌನ ಎಷ್ಟು ಉದ್ದ ಎಂಬುದರ ಮೇಲೆ ಅಪ್ಪನ ಆವತ್ತಿನ ಆರೋಗ್ಯ ಹೇಗೆ ಎಂದು ಚಪ್ಪಲಿ ಬಿಡುವುದರೊಳಗೆ ನಾನು ಲೆಕ್ಕ ಹಾಕುತ್ತಿದ್ದೆ. ಡಾಕ್ಟರ ಕೊಳವೆಗಿಂತ ನನ್ನ ಬಾನಿ ಮೇಲು ಎಂಬ ಜಂಬವೂ ಬಂದಿತ್ತು.

ಬದನೆ ಹೂ ಬಿಟ್ಟು ಕಾಯಿ ಕಚ್ಚಿತು. ಎಳೆಗಾಯಿ, ನೇರಳೆ ಬಣ್ಣ, ಕನ್ನಡಿಯಂಥ ಹೊಳಪು. ಅಪ್ಪ ಕಾಯಿ ತಡವಿ, "ಎಣ್ಣೆಗಾಯಿ ಮಾಡವ್ವ. ಮುದ್ದೆ ಜತಿಗೆ" ಎಂದು ಸೊಸೆಗೆ ಹೇಳಿದರು. ಅಷ್ಟರಲ್ಲಿ ಊರಿನಿಂದ ಅಪ್ಪನ ತಂಗಿ ಕೆಂಚಮ್ಮತ್ತೆ ಅಣ್ಣನನ್ನು ನೋಡಲು ಬಂದಿದ್ದಳು. ಕಾಯಿ ಕಂಡದ್ದೇ ಎದೆಗೆ ಕೈ ಬಡಿದುಕೊಂಡಳು. "ಬದನೇಕಾಯಾ? ದಮ್ಮಿನ ಮನುಷ್ಯಗೆ? ನಂಜು ಕಣೋ ಮಗ, ನಂಜು! ಓದಿದೋನು ನೀನು, ಇದೂ ಗೊತ್ತಿಲ್ವಾ?" ಗೊತ್ತಿತ್ತು. ಬದನೆ ನಂಜು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗಾಯವಾದವರಿಗೆ, ಬಾಣಂತಿಗೆ, ದಮ್ಮಿನವರಿಗೆ ಯಾರೂ ಬಡಿಸುವುದಿಲ್ಲ. ಅಪ್ಪನಿಗೂ ಗೊತ್ತಿತ್ತು, ತಿನ್ನುವ ಆಸೆಗೆ ಬೇಕೆಂದೇ ಬದನೆ ಹೇಳಿದ್ದರು. ನನಗೆ ಮಾತ್ರ ಲವಣದ ಲೆಕ್ಕದಲ್ಲಿ ಅದು ಮರೆತೇ ಹೋಗಿತ್ತು. ರೋಗಿಗೆಂದು ಇಷ್ಟು ಪಾಡುಪಟ್ಟು ಬೆಳೆದದ್ದು ರೋಗಿ ತಿನ್ನಬಾರದ ತರಕಾರಿ! ನಂಜಿಗೆ ವಿಜ್ಞಾನದಲ್ಲಿ ಆಧಾರವಿಲ್ಲ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಎಂದು ಹೆದರಿದೆ. ಎಣ್ಣೆಗಾಯಿಯನ್ನು ನಾವೆಲ್ಲ ತಿಂದೆವು, ಅಪ್ಪ ಹೆಸರುಬೇಳೆ ಸಾರು ಉಂಡರು. "ಹೆಂಗೈತಲೇ?" ಎಂದು ಕೇಳಿದರು. "ಸಪ್ಪೆ" ಎಂದೆ. ಹಾಗೆ ಹೇಳಿದರೆ ಆಸೆ ಹೋದೀತು ಎಂದು. ಬಲು ರುಚಿಯಾಗಿತ್ತು.

ಮಾಗಿಯ ಚಳಿ ಬಂತು. ಗುಳ್ಳೆಗಳ ನಡುವಿನ ಮೌನ ಉದ್ದವಾಗುತ್ತಾ ಹೋಯಿತು. "ಕಂಬ್ಳಿ ಕೊಡಲೇ, ಒಳಗಿನ ಎಲುಬು ನಡುಗ್ತಾವೆ" ಎಂದರು. ಡಾಕ್ಟರು ಬೇಡ ಅಂದಿದ್ದಾರೆ ಎಂದು ಇನ್ನೊಂದು ದುಪ್ಪಟಿ ಕೊಟ್ಟೆ. ಅವರು ಸುಮ್ಮನೆ ಹೊದ್ದುಕೊಂಡರು. ಮೊದಲಿನ ಹಾಗೆ ಒಂದು ಚಾಟಿ ಮಾತು ಬಿಟ್ಟಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬಾಷಾ ಸಾಬರಿಗೂ ಅಪ್ಪನ ಸ್ಥಿತಿ ಗೊತ್ತಾಗಿ ಕನಿಕರ ಬಂತು. ಭೀಮಸಮುದ್ರದ ಅಡಿಕೆ ಸಾಹುಕಾರರ ಟ್ರ್ಯಾಕ್ಟರಿನ ಹಿಂದಿನ ಗಾಲಿಯ ದೊಡ್ಡ ಟ್ಯೂಬೊಂದು ಅವರಲ್ಲಿ ಬಂದು ಬಿದ್ದಿತ್ತಂತೆ. ಅದಕ್ಕೆ ತೇಪೆ ಹಾಕಿ, ತುಂಬಿ, ತಾವೇ ಸೈಕಲ್ಲಿನ ಮೇಲೆ ಕಟ್ಟಿಕೊಂಡು ಬೆಳಿಗ್ಗೆ ಮನೆಗೆ ತಂದರು. "ಇದು ನಾಳೆ ರಾತ್ರಿ ಮಟ ಬರ್ತೈತೆ. ಯಜಮಾನ್ರು ಇನ್ಮೇಲೆ ಊದೋದು ಬ್ಯಾಡ, ಆರಾಮ್ ಕುಂತ್ಕಳ್ಲಿ." ನಾನೇ ನಳಿಕೆ ಸಿಕ್ಕಿಸಿ, ಕ್ಲಿಪ್ಪು ಸರಿಮಾಡಿ, "ಅಪ್ಪ, ಇವತ್ತಿಂದ ನಿನಗೆ ರಜ" ಎಂದು ಹೇಳಿ ಶಾಲೆಗೆ ಹೋದೆ. ಅಪ್ಪ ಆ ದೊಡ್ಡ ಟ್ಯೂಬನ್ನು, ಮನೆಗೆ ಬಂದ ಹೊಸ ಆಳನ್ನು ನೋಡುವಂತೆ ನೋಡುತ್ತಾ ಕೂತಿದ್ದರು.

ಆವತ್ತು ಸಂಜೆ ಚಪ್ಪಲಿ ಬಿಡುವಾಗ ಹಿತ್ತಿಲ ಸದ್ದು ಕೇಳಿಸಿತು. ಗುಳುಗುಳುಗುಳು, ಒಂದೇ ಸಮ. ಎಲ್ಲೂ ತಡೆಯಿಲ್ಲ, ಕೆಮ್ಮಿಲ್ಲ. ಎಷ್ಟೋ ತಿಂಗಳಿನಿಂದ ಅಂಥ ಸರಾಗವಾದ ಉಸಿರು ಕೇಳಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು. "ಇವತ್ತು ಅಪ್ಪಂಗೆ ಭಾಳ ಆರಾಮೈತೆ ಕಣೇ" ಎಂದು ರತ್ನಳಿಗೆ ಹೇಳಿದೆ. "ಹೂಂ, ನಾನೂ ಆಗಲಿಂದ ಕೇಳ್ತಾನೇ ಇದೀನಿ" ಎಂದಳು. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕಾಫಿ ಕುಡಿದೆ. ಬೆಳಿಗ್ಗೆ ನಾನೇ ನಳಿಕೆ ಸಿಕ್ಕಿಸಿ ಹೋಗಿದ್ದ ಟ್ಯೂಬು ನನಗೆ ನೆನಪಾಗಲೇ ಇಲ್ಲ. ಇನ್ನರ್ಧ ಲೋಟ ಕೇಳಿ ಅದನ್ನೂ ಕುಡಿದೆ. ಆಮೇಲೆ ಹಿತ್ತಿಲಿಗೆ ಹೋದೆ. ಅಪ್ಪ ಗೋಡೆಗೆ ಒರಗಿ ಕೂತಿದ್ದರು. ಬಡಕಿಯ ಒಂದು ಹಣ್ಣೆಲೆ ಕೈಯಲ್ಲಿತ್ತು. ಮೈ ತಣ್ಣಗಾಗಿತ್ತು. ಟ್ಯೂಬು ತನ್ನ ಕೆಲಸ ಮಾಡುತ್ತಲೇ ಇತ್ತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಊರಿನಿಂದ ಕೆಂಚಮ್ಮತ್ತೆ ಬಂದವಳೇ ಅಳುತ್ತಲೇ ಯಜಮಾನಿಕೆ ವಹಿಸಿಕೊಂಡಳು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಇರಕೂಡದು. ಹೆಂಗಸರು ಹಂಡೆ, ಕೊಡ, ಬಿಂದಿಗೆ ಎಲ್ಲ ಬೋರಲು ಹಾಕಿದರು. ಆಮೇಲೆ ಹಿತ್ತಿಲಿಗೆ ಬಂದು ಬಾನಿಯ ಬುಡದ ಬಿರಡೆಯನ್ನೂ ಕಿತ್ತರು. ಅದು ಮನೆಯ ನೀರಲ್ಲ, ಲವಣದ ದ್ರಾವಣ. ಬರಿದಾದ ಬಾನಿಯಲ್ಲಿ ಕೆಂದಿ, ಹಾದರಗಿತ್ತಿ, ಬಡಕಿ ಮೂವರ ಬಿಳಿ ಗಡ್ಡ ಜೋತಾಡಿತು. ಅತ್ತೆ ಬಲಿತ ಕಾಯಿಗಳನ್ನು ಮಾತ್ರ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಳು. ಬಾಷಾ ಸಾಬರು ಅಂಗಡಿ ಮುಚ್ಚಿ, ಪರಿಚಯದ ಲಾರಿಯೊಂದನ್ನು ಹಿಡಿದು ತಂದರು. ಅಪ್ಪ ಕೊನೆಗೂ ಊರಿಗೆ ಹೊರಟರು.

ನಮ್ಮ ಹೊಲದಲ್ಲೇ ಗುಂಡಿ ತೆಗೆದಿದ್ದರು. ನಾನು ಟ್ರಂಕಿನ ಬೀಗ ತೆಗೆದು ಕಂಬಳಿ ತಂದಿದ್ದೆ. ಅದನ್ನೇ ಹೊದಿಸಿದರು. ಬಂದವರೆಲ್ಲ ಹಿಡಿ ಹಿಡಿ ಮಣ್ಣು ಹಾಕಿದರು, ಒಣ ಮಣ್ಣು, ಧೂಳೆದ್ದಿತು. ಯಾರಿಗೋ ಕೆಮ್ಮು ಬಂತು. ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡಲು ಹೋದಾಗ ಕೆಂಚಮ್ಮತ್ತೆ ಎಡೆಯ ಬುಟ್ಟಿ ಇಳಿಸಿ ಮುದ್ದೆ ಇಟ್ಟಳು, ಅದರ ಪಕ್ಕ ಎಣ್ಣೆಗಾಯಿ. ನಮ್ಮ ಬಾನಿಯ ಬದನೆ. "ನಂಜಲ್ವೇನತ್ತೆ?" ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೆಲ್ಲೀ ನಂಜು ಮಗ" ಎಂದಳು. ಮಣ್ಣು, ಕಂಬಳಿ, ಬದನೆ. ನಾನು ಬೇಡ ಅಂದದ್ದನ್ನೆಲ್ಲ ಊರವರು ಮೂರು ದಿನದಲ್ಲಿ ಕೊಟ್ಟು ಮುಗಿಸಿದರು. ಆವತ್ತು ನಾನು ಅತ್ತಷ್ಟು ಅವರು ಹೋದ ದಿನವೂ ಅತ್ತಿರಲಿಲ್ಲ.

ಈಗಲೂ ವಿಜ್ಞಾನವನ್ನೇ ಹೇಳಿಕೊಡುತ್ತೇನೆ. ಎಂಟನೆಯ ತರಗತಿಯಲ್ಲಿ ಒಂದು ಪ್ರಯೋಗವಿದೆ. ಸುಣ್ಣದ ತಿಳಿನೀರಿಗೆ ನಳಿಕೆಯಿಂದ ಬಾಯಲ್ಲಿ ಊದಿದರೆ ನೀರು ಹಾಲಿನಂತಾಗುತ್ತದೆ. ನಾವು ಬಿಡುವ ಉಸಿರಿನಲ್ಲಿ ಏನಿದೆ ಎಂಬುದಕ್ಕೆ ಸಾಕ್ಷಿ. ಮಕ್ಕಳಿಗೆ ಊದುವುದೆಂದರೆ ಖುಷಿ, ದಮ್ಮು ಕಟ್ಟಿ ಒಂದೇ ಸಮನೆ ಊದುತ್ತಾರೆ. ಆ ಸರಾಗವಾದ ಗುಳುಗುಳು ನನ್ನಿಂದ ಕೇಳಲಾಗುವುದಿಲ್ಲ. "ಹಂಗಲ್ಲಪ್ಪ, ತಡೆದು ತಡೆದು ಊದು. ನಡುನಡುವೆ ನಿಲ್ಲಿಸು. ಒಂದು ಸಲ ಕೆಮ್ಮು" ಎಂದು ಬಿಡುತ್ತೇನೆ. ಅವರೂ ಪಾಪ, ಮೇಷ್ಟ್ರು ಹೇಳಿದ ಮೇಲೆ ಶಾಸ್ತ್ರವಿರಬೇಕು ಎಂದು ಹಾಗೆಯೇ ಮಾಡುತ್ತಾರೆ. ಹೋದ ಸಲದ ಪರೀಕ್ಷೆಯಲ್ಲಿ ಇಡೀ ತರಗತಿ ಒಂದೇ ಉತ್ತರ ಬರೆದಿತ್ತು: "ಎಚ್ಚರಿಕೆ: ಈ ಪ್ರಯೋಗದಲ್ಲಿ ಒಂದೇ ಸಮನೆ ಊದಬಾರದು. ನಡುವೆ ಕೆಮ್ಮಬೇಕು." ಕೆಂಪು ಪೆನ್ನು ತೆಗೆದೆ. ಪುಸ್ತಕದಲ್ಲಿ ಎಲ್ಲೂ ಇಲ್ಲದ ಉತ್ತರ. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ.